ಚಂದ್ರಗುತ್ತಿಯಿಂದ ಗೋವೆಗೆ: ಮಾಧವಮಂತ್ರಿಯ ಜೀವಿತ

ನಾಡನ್ನು ಗೆದ್ದವರ ಹೆಸರು ಜನರ ನಾಲಗೆಯ ಮೇಲೆ ಬಹುಕಾಲ ನಿಲ್ಲುವುದುಂಟು. ಗೆದ್ದ ನಾಡಿನಲ್ಲಿ ಮುರಿದುಬಿದ್ದುದನ್ನು ಎತ್ತಿ ನಿಲ್ಲಿಸಿ, ಬೆದರಿದ ಜನಕ್ಕೆ ಧೈರ್ಯವನ್ನಿತ್ತು, ಆಳಿ, ಸದ್ದಿಲ್ಲದೆ ತೆರಳಿದವರ ಹೆಸರು ಮಾತ್ರ ಬೇಗನೆ ಮರೆಯಾಗುತ್ತದೆ. ಅಂಥ ಮರೆತ ಹೆಸರುಗಳಲ್ಲಿ ಮಾಧವಮಂತ್ರಿಯದೂ ಒಂದು. ಕನ್ನಡ ನಾಡಿಗೂ ಗೋಮಂತಕಕ್ಕೂ ಸಮಾನವಾಗಿ ಸಲ್ಲತಕ್ಕ ಈ ಮಹನೀಯನ ಚರಿತ್ರೆಯನ್ನು ಸಡಾದ ಕನ್ನಡ ಮನೆಗಳವರು, ಅದರಲ್ಲಿಯೂ ನಮ್ಮ ವಿದ್ಯಾರ್ಥಿಗಳು, ತಿಳಿದಿರುವುದು ಅವಶ್ಯಕವೆಂದು ಭಾವಿಸಿ ಈ ಲೇಖನವನ್ನು ಸಮರ್ಪಿಸುತ್ತಿದ್ದೇನೆ.

ಸಡಾ ಎಂದರೆ ಕೊಂಕಣದ ಆಡುಮಾತಿನಲ್ಲಿ ಗುಡ್ಡದ ನೆತ್ತಿಯ ಮೇಲಣ ಜಂಬಿಟ್ಟಿಗೆಯ ಬಯಲು. ನಮ್ಮ ಊರು ಹೆಸರಿಗೆ ತಕ್ಕಂತೆಯೇ ಇದೆ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಜುವಾರಿ ನದಿಯ ಮುಖ, ಕೆಳಗೆ ಮುರಗಾಂವ ಬಂದರು. ಈ ಭೂಶಿರದಲ್ಲಿ ಪೋರ್ಚುಗೀಸರು 1624ರಲ್ಲಿ ಕಟ್ಟಲಾರಂಭಿಸಿದ ಕೋಟೆಯ ಮುರುಕು ಗೋಡೆಗಳು ಇಂದಿಗೂ ಇವೆ. ಗೋವೆಯ ಇತಿಹಾಸವು ಆ ಗೋಡೆಗಳಿಂದಲೇ ಮೊದಲಾಯಿತೆಂದು ನಮ್ಮ ಹುಡುಗರು ತಿಳಿದರೆ ಅವರದು ತಪ್ಪಲ್ಲ, ಕಣ್ಣಿಗೆ ಕಾಣುವುದು ಅದೇ ತಾನೆ! ಆದರೆ ಆ ಕೋಟೆಗೆ ಅಡಿಗಲ್ಲು ಬೀಳುವುದಕ್ಕೆ ಇನ್ನೂರು ವರ್ಷಕ್ಕೂ ಹಿಂದೆ, ಇದೇ ಜುವಾರಿಯ ನೀರನ್ನು ಕಂಡ ರಾಜ್ಯಪಾಲನೊಬ್ಬನು ಸಹ್ಯಾದ್ರಿಯಾಚೆಯ ಬೇರೊಂದು ಗಿರಿದುರ್ಗದಿಂದ ಇಳಿದು ಬಂದಿದ್ದನು. ಆ ದುರ್ಗವೇ ಚಂದ್ರಗುತ್ತಿ, ಅವನೇ ಮಾಧವಮಂತ್ರಿ.

ಚಂದ್ರಗುತ್ತಿಯು ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನಲ್ಲಿದೆ. ಕದಂಬರ ಆದಿಸ್ಥಾನವಾದ ಬನವಾಸಿಯು ಅಲ್ಲಿಗೆ ದೂರವಲ್ಲ. ಸುತ್ತಲೂ ಹಬ್ಬಿದ ಮಲೆನಾಡಿನ ಕಾಡು, ಗದ್ದೆ, ತೋಟಗಳ ನಡುವೆ ಸಮುದ್ರಮಟ್ಟದಿಂದ ಸುಮಾರು 2,800 ಅಡಿಗಳ ಎತ್ತರಕ್ಕೆ ಎದ್ದು ನಿಂತ ಬಂಡೆಗಲ್ಲಿನ ಬೆಟ್ಟವದು. ಶಾಸನಗಳಲ್ಲಿ ಇದಕ್ಕೆ ಚಂದ್ರಗುಪ್ತಿ ಎಂದು ಹೆಸರು. ಚಂದ್ರನನ್ನೂ ಮರೆಮಾಡುವಷ್ಟು ಎತ್ತರವಾದುದರಿಂದ ಈ ಹೆಸರು ಬಂದಿತೆಂದು ಜನರು ಅರ್ಥ ಹೇಳುತ್ತಾರೆ. ಬೆಟ್ಟದ ಮೈಯಲ್ಲಿ, ಸ್ವಾಭಾವಿಕವಾದ ಕಲ್ಲುಗವಿಯನ್ನೇ ಗರ್ಭಗುಡಿಯಾಗಿ ಮಾಡಿಕೊಂಡು ರೇಣುಕಾಂಬೆಯು ನೆಲಸಿದ್ದಾಳೆ. ಹಳ್ಳಿಗರು ಅವಳನ್ನು ಗುತ್ತಿಯಮ್ಮನೆಂದು ಕರೆಯುತ್ತಾರೆ. ಜಮದಗ್ನಿಯ ಸತಿಯಾದ ರೇಣುಕೆಯು ಈ ಗವಿಯಲ್ಲಿ ಆಶ್ರಯ ಪಡೆದಳೆಂಬುದು ಸ್ಥಳಪುರಾಣ. ತಾಯಿಯ ಸನ್ನಿಧಿಯಲ್ಲಿ ಮಗನಾದ ಪರಶುರಾಮನಿಗೂ, ಮಾತಂಗಿಗೂ, ಶೂಲದ ಬೀರಪ್ಪನಿಗೂ ಗುಡಿಗಳುಂಟು. ಗುಡಿಗಳನ್ನು ದಾಟಿ ಮೇಲಕ್ಕೆ ಏರಿದರೆ ಕೋಟೆಯ ಬಾಗಿಲುಗಳು, ಬಿದ್ದ ಗೋಡೆಗಳು, ಬಂಡೆಯ ನಡುವಣ ನೀರಿನ ಕೊಳಗಳು ಕಾಣಸಿಗುತ್ತವೆ. ಕೋಟೆಯಲ್ಲಿ ಈಗ ಕಾವಲಿಲ್ಲ, ಒಡೆಯನಿಲ್ಲ. ಗವಿಯಲ್ಲಿ ಮಾತ್ರ ದೀಪವು ಆರಿಲ್ಲ.

ಮಾಧವಮಂತ್ರಿಯ ಕಾಲವನ್ನು ತಿಳಿಯಬೇಕಾದರೆ ಅವನಿಗೆ ಹಿಂದಿನ ಗೋವೆಯ ಸ್ಥಿತಿಯನ್ನು ತುಸು ನೋಡಬೇಕು. ನಾವು ದಿನವೂ ಏರುವ ಸರಕಾರಿ ಬಸ್ಸಿನ ಮೇಲೆ ಕದಂಬ ಎಂಬ ಹೆಸರಿರುವುದನ್ನು ಎಲ್ಲರೂ ಬಲ್ಲರು. ಆ ಹೆಸರು ಗೋವೆಯನ್ನು ಸುಮಾರು ಮೂರು ಶತಮಾನಗಳ ಕಾಲ ಆಳಿದ ಕದಂಬ ವಂಶದ್ದು. ಬನವಾಸಿಯ ಹಳೆಯ ಕದಂಬರ ಹೆಸರನ್ನು ಹೊತ್ತ ಈ ಮನೆತನದವರು ಮೊದಲು ಚಂದ್ರಪುರದಲ್ಲಿಯೂ, ಅಂದರೆ ಈಗಿನ ಚಾಂದೋರಿನಲ್ಲಿಯೂ, ಬಳಿಕ ಜುವಾರಿಯ ಉತ್ತರ ದಡದ ಗೋಪಕಪಟ್ಟಣದಲ್ಲಿಯೂ ರಾಜಧಾನಿಯನ್ನು ಹೂಡಿದ್ದರು. ಗೋಪಕಪಟ್ಟಣವೇ ಈಗಿನ ಗೋವಾ ವೇಲ್ಹಾ. ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಇವರು ಶಾಸನಗಳನ್ನು ಬರೆಯಿಸಿದರು. ಇವರ ಕುಲದೇವತೆ ಸಪ್ತಕೋಟೀಶ್ವರ. ಸಪ್ತಕೋಟೀಶನ ವರದಿಂದ ರಾಜ್ಯವನ್ನು ಪಡೆದವರೆಂದು ತಮ್ಮ ಚಿನ್ನದ ನಾಣ್ಯಗಳ ಮೇಲೆಯೂ ಕೊರೆಯಿಸಿಕೊಳ್ಳುವಷ್ಟು ಭಕ್ತಿ ಅವರದು. ಮಾಂಡವಿ ನದಿಯ ನಡುವಣ ದಿವಾಡಿ ದ್ವೀಪದ ನಾರ್ವೆಯಲ್ಲಿ ಆ ದೇವರ ಗುಡಿಯಿದ್ದಿತು.

ಹದಿನಾಲ್ಕನೆಯ ಶತಮಾನವು ಕದಂಬರಿಗೆ ಕೇಡುಗಾಲವಾಯಿತು. ಉತ್ತರದ ದಂಡಯಾತ್ರೆಗಳಿಂದ ದಕ್ಷಿಣದ ರಾಜ್ಯಗಳೆಲ್ಲ ನಡುಗಿದವು. 1340ರ ದಶಕದಲ್ಲಿ ಹೊನ್ನಾವರದ ಅಧಿಪತಿಯು ಹಡಗುಪಡೆಯೊಡನೆ ಗೋವೆಯ ಮೇಲೆ ಏರಿಬಂದನು. ಲೋಕಸಂಚಾರಿಯಾದ ಇಬ್ನ್ ಬತೂತನೂ ಆ ಯುದ್ಧದಲ್ಲಿ ಭಾಗಿಯಾಗಿದ್ದನು. 1347ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾಗಿ, ಕೆಲವೇ ವರ್ಷಗಳಲ್ಲಿ ಗೋವೆಯೂ ಅದರ ವಶವಾಯಿತು. ಈ ಗಲಭೆಗಳಲ್ಲಿ ಸಪ್ತಕೋಟೀಶ್ವರನ ಗುಡಿಯು ನೆಲಸಮವಾಯಿತು.

ಇತ್ತ ತುಂಗಭದ್ರೆಯ ದಡದಲ್ಲಿ 1336ರಲ್ಲಿ ವಿಜಯನಗರವು ಉದಯಿಸಿತ್ತು. ಸಂಗಮನ ಮಕ್ಕಳಾದ ಹರಿಹರ, ಕಂಪಣ, ಬುಕ್ಕ, ಮಾರಪ್ಪ, ಮುದ್ದಪ್ಪ ಎಂಬ ಐವರು ಸಹೋದರರು ನಾಡನ್ನು ಹಂಚಿಕೊಂಡು ರಕ್ಷಿಸುತ್ತಿದ್ದರು. ಪಶ್ಚಿಮದ ಮಲೆನಾಡು ಮಾರಪ್ಪನ ಪಾಲಿಗೆ ಬಂದಿತು. ಅವನ ಮಂತ್ರಿಯಾಗಿ ಮಾಧವನು ಇತಿಹಾಸದ ಬೆಳಕಿಗೆ ಬರುತ್ತಾನೆ.

ಮಾಧವನು ಆಂಗಿರಸ ಗೋತ್ರದ ಬ್ರಾಹ್ಮಣ ಕುಲದಲ್ಲಿ ಹುಟ್ಟಿದವನು. ತಂದೆ ಚೌಂಡ, ತಾಯಿ ಮಾಚಾಂಬಿಕೆ. ಕಾಶೀವಿಲಾಸ ಕ್ರಿಯಾಶಕ್ತಿ ಎಂಬ ಶೈವಗುರುವು ಅವನಿಗೆ ದೀಕ್ಷೆಯನ್ನಿತ್ತನು. ಗುರುವಿನಿಂದ ಪಡೆದ ಶಿವಭಕ್ತಿಯೂ, ವೇದಾಂತದ ವ್ಯಾಸಂಗವೂ, ರಾಜಕಾರ್ಯದ ಕುಶಲತೆಯೂ ಅವನಲ್ಲಿ ಒಂದೆಡೆ ಸೇರಿದ್ದವು. 1347ರ ಒಂದು ಶಾಸನವು ಮಾರಪ್ಪನು ಕದಂಬ ದೊರೆಯೊಬ್ಬನನ್ನು ಸೋಲಿಸಿದುದನ್ನೂ, ಗೋಕರ್ಣಕ್ಕೆ ಹೋಗಿ ಮಹಾಬಲೇಶ್ವರನ ದರ್ಶನ ಮಾಡಿದುದನ್ನೂ, ಮಂತ್ರಿ ಮಾಧವನೊಡಗೂಡಿ ಶೈವಾಗಮಗಳ ಸಾರವನ್ನು ಸಂಗ್ರಹಿಸಿದುದನ್ನೂ ತಿಳಿಸುತ್ತದೆ. ಕತ್ತಿಯನ್ನು ಒರೆಗೆ ಸೇರಿಸಿದೊಡನೆ ಒಡೆಯನೂ ಮಂತ್ರಿಯೂ ಓಲೆಗರಿಗಳ ಮುಂದೆ ಕುಳಿತರೆಂಬುದು ಆ ಕಾಲದವರ ಅಭಿರುಚಿಯನ್ನು ತೋರಿಸುತ್ತದೆ.

ಮಾರಪ್ಪನ ತರುವಾಯ ಮಾಧವನು ಬುಕ್ಕರಾಯನ ಸೇವೆಯಲ್ಲಿ ಮುಂದುವರಿದನು. ಬುಕ್ಕನು 1356ರಿಂದ 1377ರವರೆಗೆ ಆಳಿದನು. ಈ ಅವಧಿಯಲ್ಲಿ ಮಾಧವಮಂತ್ರಿಯು ಬನವಾಸಿ ಪನ್ನಿರ್ಚ್ಛಾಸಿರವನ್ನು, ಅಂದರೆ ಹನ್ನೆರಡು ಸಾವಿರದ ಎಣಿಕೆಯ ಆ ಪುರಾತನ ನಾಡನ್ನು, ಪಶ್ಚಿಮ ಸಮುದ್ರದವರೆಗೂ ಹಬ್ಬಿದ ಸೀಮೆಯೊಡನೆ ಆಳುತ್ತಿದ್ದನು. ಚಂದ್ರಗುತ್ತಿಯ ಕೋಟೆಯು ಈ ಆಡಳಿತಕ್ಕೆ ಬೆನ್ನೆಲುಬಾಗಿತ್ತು. ಬಯಲುಸೀಮೆಗೂ ಕರಾವಳಿಗೂ ನಡುವೆ ಘಟ್ಟದ ದಾರಿಗಳಿವೆಯಷ್ಟೆ? ಮೆಣಸು, ಅಡಕೆ, ಅಕ್ಕಿ, ಉಪ್ಪುಗಳನ್ನು ಹೇರಿದ ಎತ್ತುಗಳ ಸಾಲು ಹತ್ತಿ ಇಳಿಯುವ ಈ ದಾರಿಗಳನ್ನು ಕಾಯಬಲ್ಲವನು ಎರಡು ಸೀಮೆಗಳನ್ನೂ ಕಾಯಬಲ್ಲನು.

1368ರಲ್ಲಿ ಮಾಧವನು ಮುಚ್ಚುಂಡಿ ಎಂಬ ಗ್ರಾಮವನ್ನು ಕಾಶ್ಮೀರ ದೇಶದಿಂದ ಬಂದ ಬ್ರಾಹ್ಮಣರಿಗೆ ದಾನವಾಗಿ ಕೊಟ್ಟನು. ಈ ಸಂಗತಿಯು ಶಿಕಾರಿಪುರದ ಸೀಮೆಯ ಶಾಸನದಲ್ಲಿ ಕಲ್ಲಿನ ಮೇಲೆ ದಾಖಲಾಗಿದೆ. ಹಿಮಾಲಯದ ಮಡಿಲಿನಿಂದ ಹೊರಟ ವಿದ್ವಾಂಸರು ಮಲೆನಾಡಿನ ಮಳೆಯ ನಡುವೆ ಮನೆ ಮಾಡಿಕೊಂಡರು. ಅವರ ಮಾತು ಬೇರೆ, ಉಡುಗೆ ಬೇರೆ, ಊಟ ಬೇರೆ. ಆದರೂ ಹೊರನಾಡಿನವರೆಂದು ಅವರನ್ನು ದೂರವಿಡದೆ ನೆಲವನ್ನಿತ್ತು ನಿಲ್ಲಿಸಿಕೊಂಡ ಆಡಳಿತಗಾರನ ಮನಸ್ಸನ್ನು ನಾವು ಇಲ್ಲಿ ಗಮನಿಸಬೇಕು. ಹೊಟ್ಟೆಪಾಡಿಗಾಗಿ ಧಾರವಾಡ, ಗದಗ, ವಿಜಯಪುರ, ಬಾಗಲಕೋಟೆಗಳಿಂದ ಘಟ್ಟವಿಳಿದು ಬಂದು ಈ ಬಂದರದ ಮೇಲಣ ಗುಡ್ಡದಲ್ಲಿ ಮನೆ ಮಾಡಿದ ನಮ್ಮಂಥವರಿಗೆ ಆ ಮನಸ್ಸಿನ ಬೆಲೆ ಬೇಗನೆ ಅರ್ಥವಾಗುತ್ತದೆ.

ಇನ್ನು ಗೋವೆಯ ವಿಷಯ. ವಿಜಯನಗರಕ್ಕೂ ಬಹಮನಿ ರಾಜ್ಯಕ್ಕೂ ಹಗೆತನವು ಹುಟ್ಟಿನಿಂದಲೇ ಬಂದಿತ್ತು. ಎರಡು ಪಕ್ಷಗಳ ಬಲವೂ ಕುದುರೆಯ ಬೆನ್ನಿನ ಮೇಲಿತ್ತು. ಒಳ್ಳೆಯ ಕುದುರೆಗಳು ಅರಬಸ್ಥಾನದಿಂದಲೂ ಪಾರಸಿಯಿಂದಲೂ ಹಡಗಿನಲ್ಲಿ ಬರಬೇಕು. ಹಡಗು ನಿಲ್ಲುವುದಕ್ಕೆ ಬಂದರು ಬೇಕು. ಮಾಂಡವಿ ಜುವಾರಿಗಳ ಮುಖಗಳನ್ನುಳ್ಳ ಗೋವೆಯು ಪಶ್ಚಿಮ ತೀರದ ಉತ್ತಮ ಬಂದರುಗಳಲ್ಲಿ ಒಂದು. ಅದು ಶತ್ರುವಿನ ಕೈಯಲ್ಲಿರುವವರೆಗೆ ವಿಜಯನಗರದ ರಾಯನಿಗೆ ನಿದ್ರೆಯಿಲ್ಲ. ಆದಕಾರಣ ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಮಾಧವಮಂತ್ರಿಯು ದೊಡ್ಡ ಸೈನ್ಯದೊಡನೆ ಪಶ್ಚಿಮಕ್ಕೆ ನಡೆದು, ಬಹಮನಿಯ ಪಡೆಗಳನ್ನು ಹೊರದೂಡಿ ಗೋವೆಯನ್ನು ವಿಜಯನಗರಕ್ಕೆ ಸೇರಿಸಿದನು. ಪಂಡಿತನಾಗಿದ್ದವನಿಗೆ ಭುವನೈಕವೀರನೆಂಬ ಬಿರುದೂ ಸಂದಿತು. ಬುಕ್ಕನ ಬಳಿಕ 1377ರಲ್ಲಿ ಪಟ್ಟವೇರಿದ ಎರಡನೆಯ ಹರಿಹರನ ಆಳ್ವಿಕೆಯಲ್ಲಿ ಮಾಧವನು ಗೋವೆಯ ರಾಜ್ಯಪಾಲನಾಗಿ ನಾಡನ್ನು ನಡೆಸಿದನು.

ಗೆಲ್ಲುವುದು ಒಂದು ಕೆಲಸ, ಗೆದ್ದ ಮೇಲೆ ಮಾಡಬೇಕಾದುದು ಮತ್ತೊಂದು. ಮಾಧವಮಂತ್ರಿಯು ಗೋವೆಯಲ್ಲಿ ತನ್ನ ಒಡೆಯರ ಕುಲದೇವತೆಯಾದ ವಿರೂಪಾಕ್ಷನಿಗೆ ಹೊಸ ಗುಡಿಯನ್ನು ಕಟ್ಟಿಸಿ ವಿಜಯದ ಗುರುತನ್ನು ನಿಲ್ಲಿಸಬಹುದಾಗಿತ್ತು. ಆದರೆ ಅವನ ಹೆಸರಿನೊಡನೆ ಗೋವೆಯಲ್ಲಿ ಉಳಿದು ಬಂದ ಕೀರ್ತಿಯು ಸಪ್ತಕೋಟೀಶ್ವರನ ಪುನಃಪ್ರತಿಷ್ಠೆಯದು. ನೆಲಕ್ಕೆ ಬಿದ್ದ ಗುಡಿಯ ಲಿಂಗವನ್ನು ಭಕ್ತರು ಗದ್ದೆಯ ಮಣ್ಣಿನಲ್ಲಿ ಹುದುಗಿಸಿಟ್ಟಿದ್ದರೆಂದೂ, ಅದನ್ನು ಹೊರತೆಗೆದು ಮತ್ತೆ ಪೂಜೆಗೆ ನಿಲ್ಲಿಸಲಾಯಿತೆಂದೂ ಗೋವೆಯ ಜನರು ಇಂದಿಗೂ ಹೇಳುತ್ತಾರೆ. ಸಪ್ತನಾಥನೆಂಬ ಹೆಸರಿನಿಂದ ಆ ದೇವರನ್ನು ಮಾಧವನು ಪ್ರತಿಷ್ಠಿಸಿದ ಸಂಗತಿಯನ್ನು ಶಾಸನವೂ ಸಾರುತ್ತದೆ.

ಇಲ್ಲಿ ನಾವು ಒಂದು ಕ್ಷಣ ನಿಂತು ಯೋಚಿಸಬೇಕು. 1347ರಲ್ಲಿ ಕದಂಬ ದೊರೆಯನ್ನು ಸೋಲಿಸಿದ ಪಕ್ಷದ ಮಂತ್ರಿ ಯಾರು? ಇದೇ ಮಾಧವ. ಗೋವೆಯ ಕದಂಬರ ಕುಲದೇವತೆಯನ್ನು ಮಣ್ಣಿನಿಂದ ಎತ್ತಿ ನಿಲ್ಲಿಸಿದವನು ಯಾರು? ಇದೇ ಮಾಧವ. ಸೋತ ಮನೆತನದ ದೇವರು ತನ್ನ ರಾಜಕೀಯಕ್ಕೆ ಸಲ್ಲದವನೆಂದು ಅವನು ಎಣಿಸಲಿಲ್ಲ. ಆ ದೇವರು ಕದಂಬರೊಡನೆ ಅಳಿಯತಕ್ಕವನಲ್ಲ, ದಿವಾಡಿಯ ಒಕ್ಕಲಿಗನಿಗೂ ಅಂಬಿಗನಿಗೂ ಸೇರಿದವನು ಎಂಬುದನ್ನು ಅವನು ಕಂಡನು. ಜನರು ನಂಬಿದುದನ್ನು ಕಾಯುವವನನ್ನೇ ಜನರು ನಂಬುತ್ತಾರೆ ಎಂಬ ರಾಜನೀತಿಯೂ ಇದರಲ್ಲಿ ಅಡಗಿಲ್ಲದಿಲ್ಲ. ಭಕ್ತಿಯಿಂದ ಮಾಡಿದನೋ ನೀತಿಯಿಂದ ಮಾಡಿದನೋ ಎಂದು ವಾದಿಸುವುದು ವ್ಯರ್ಥ. ಆ ಮಂತ್ರಿಯಲ್ಲಿ ಇವೆರಡೂ ಬೇರೆಯಾಗಿರಲಿಲ್ಲ.

ಇಷ್ಟೆಲ್ಲ ರಾಜಕಾರ್ಯದ ನಡುವೆಯೂ ಮಾಧವನ ವ್ಯಾಸಂಗವು ನಿಲ್ಲಲಿಲ್ಲ. ಸ್ಕಂದಪುರಾಣಕ್ಕೆ ಸೇರಿದ ಸೂತಸಂಹಿತೆಗೆ ಅವನು ತಾತ್ಪರ್ಯದೀಪಿಕೆ ಎಂಬ ಸಂಸ್ಕೃತ ವ್ಯಾಖ್ಯಾನವನ್ನು ಬರೆದನು. ಶಿವಪಾರಮ್ಯವನ್ನು ಸಾರುವ ಆ ಗ್ರಂಥದಲ್ಲಿ ಅದ್ವೈತದ ತತ್ತ್ವವೂ ಅಡಗಿದೆ. ಅದನ್ನು ಬಿಡಿಸಿ ತೋರಿಸಿದ ವ್ಯಾಖ್ಯಾನವಿದು. ಉಪನಿಷತ್ತಿನ ಮಾರ್ಗವನ್ನು ನಡೆಸಿದ ಆಚಾರ್ಯನೆಂಬ ಅರ್ಥದ ಬಿರುದನ್ನು ಶಾಸನಗಳು ಅವನಿಗೆ ಸಲ್ಲಿಸಿವೆ. ರಣರಂಗದಿಂದ ಬಂದ ಬಿರುದೊಂದು, ಗ್ರಂಥಸಂಪುಟದಿಂದ ಬಂದ ಬಿರುದೊಂದು! ಎರಡನ್ನೂ ಹೊರಬಲ್ಲ ಹೆಗಲು ಅವನದು.

ಇಂಥವನ ಹೆಸರು ಮರೆಯಾದುದೇಕೆ? ಹೆಸರಿನ ಸಾಮ್ಯವೇ ಮುಖ್ಯ ಕಾರಣ. ಅದೇ ಕಾಲದಲ್ಲಿ, ಅದೇ ವಿಜಯನಗರದ ಆಶ್ರಯದಲ್ಲಿ ಇನ್ನೊಬ್ಬ ಮಾಧವನಿದ್ದನು. ಸಾಯಣಾಚಾರ್ಯನ ಅಣ್ಣನಾದ ಆ ಮಾಧವಾಚಾರ್ಯನು ಸಂನ್ಯಾಸವನ್ನು ಸ್ವೀಕರಿಸಿ ವಿದ್ಯಾರಣ್ಯರೆಂಬ ಹೆಸರಿನಿಂದ ಶೃಂಗೇರಿಯ ಪೀಠವನ್ನು ಅಲಂಕರಿಸಿದರೆಂದು ಪರಂಪರೆಯು ಹೇಳುತ್ತದೆ. ಇಬ್ಬರೂ ಪಂಡಿತರು, ಇಬ್ಬರೂ ರಾಜಮಾನ್ಯರು. ಹೀಗಾಗಿ ಮಂತ್ರಿಯ ಕಾರ್ಯಗಳನ್ನು ಯತಿಗಳಿಗೆ ಕಟ್ಟಿ ಹೇಳುವ ವಾಡಿಕೆ ಬೆಳೆಯಿತು. ಆರ್. ನರಸಿಂಹಾಚಾರ್ಯರಂಥ ವಿದ್ವಾಂಸರು ಶಾಸನಗಳನ್ನು ಹೋಲಿಸಿ ನೋಡಿ ಈ ತೊಡಕನ್ನು ಬಿಡಿಸಿದರು. ಮಾಧವಾಚಾರ್ಯನದು ಭಾರದ್ವಾಜ ಗೋತ್ರ, ತಂದೆ ಮಾಯಣ, ತಾಯಿ ಶ್ರೀಮತಿ. ನಮ್ಮ ಮಂತ್ರಿಯದು ಆಂಗಿರಸ ಗೋತ್ರ, ತಂದೆ ಚೌಂಡ, ತಾಯಿ ಮಾಚಾಂಬಿಕೆ. ವಿದ್ಯಾರಣ್ಯರು 1386ರಲ್ಲಿ ದೇಹವನ್ನು ಬಿಟ್ಟರು. ಮಂತ್ರಿಯು 1391ರಲ್ಲಿಯೂ ಗೋವೆಯಲ್ಲಿ ದಾನವನ್ನು ಮಾಡುತ್ತಿದ್ದನು. ಇಬ್ಬರನ್ನು ಒಬ್ಬರೆಂದು ತಿಳಿಯುವುದಕ್ಕೆ ಇನ್ನು ಎಡೆಯಿಲ್ಲ. ಶಾಲೆಯಲ್ಲಿ ಪಾಠವನ್ನು ಓದುವ ಮಕ್ಕಳು ಈ ಭೇದವನ್ನು ಮನದಲ್ಲಿಟ್ಟುಕೊಳ್ಳಲಿ.

ಮೇಲೆ ಹೇಳಿದ 1391ರ ದಾನವು ತಾಮ್ರಶಾಸನದಲ್ಲಿ ಉಳಿದು ಬಂದಿದೆ. ಕುಚರ ಎಂಬ ಗ್ರಾಮವನ್ನು ವಿದ್ವಾಂಸರಾದ ಬ್ರಾಹ್ಮಣರಿಗೆ ಕೊಟ್ಟುದನ್ನು ಅದು ತಿಳಿಸುತ್ತದೆ. 1347ರಲ್ಲಿಯೇ ಮಂತ್ರಿಯಾಗಿದ್ದವನು ಆ ವೇಳೆಗೆ ನಾಲ್ವತ್ತನಾಲ್ಕು ವರ್ಷಗಳ ರಾಜಸೇವೆಯನ್ನು ಪೂರೈಸಿದ್ದನು. ಮೂವರು ಒಡೆಯರ ಕಾಲವನ್ನು ಕಂಡ ಆ ವೃದ್ಧ ಸಚಿವನ ತರುವಾಯ ನರಹರಿ ಮಂತ್ರಿಯು ಗೋವೆಯ ಹೊಣೆಯನ್ನು ಹೊತ್ತನು. ಗೋವೆಯು 1472ರಲ್ಲಿ ಬಹಮನಿಯ ಮಂತ್ರಿ ಮಹಮೂದ್ ಗವಾನನ ಕೈಸೇರುವವರೆಗೂ ವಿಜಯನಗರಕ್ಕೆ ಸೇರಿದ್ದಿತು.

ಮಾಧವನು ನಿಲ್ಲಿಸಿದ ದೇವರ ಕಥೆ ಅವನೊಡನೆ ಮುಗಿಯಲಿಲ್ಲ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಹದಿನಾರನೆಯ ಶತಮಾನದಲ್ಲಿ ದಿವಾಡಿಯ ಗುಡಿಯು ಮತ್ತೊಮ್ಮೆ ನಾಶವಾಯಿತು. ಲಿಂಗವನ್ನು ಬಾವಿಯ ಕೆಲಸಕ್ಕೆ ಹಚ್ಚಿದ್ದರೆಂದೂ, ಭಕ್ತರು ಅದನ್ನು ಗುಟ್ಟಾಗಿ ಹೊಳೆ ದಾಟಿಸಿ ಡಿಚೋಲಿಯ ಕಡೆಗೆ ಒಯ್ದರೆಂದೂ ಪ್ರತೀತಿ. ಅಲ್ಲಿ ಕಾಡಿನ ಮರೆಯಲ್ಲಿ ಪೂಜೆಗೊಳ್ಳುತ್ತಿದ್ದ ದೇವರಿಗೆ ಛತ್ರಪತಿ ಶಿವಾಜಿ ಮಹಾರಾಜರು 1668ರಲ್ಲಿ ಗುಡಿಯ ಜೀರ್ಣೋದ್ಧಾರಕ್ಕೆ ಆಜ್ಞೆಯಿತ್ತರು. ಆ ಗುಡಿಯಿರುವ ಊರಿಗೂ ಈಗ ನಾರ್ವೆ ಎಂದೇ ಹೆಸರು. ದೇವರು ಹೊಳೆ ದಾಟಿದಾಗ ಊರಿನ ಹೆಸರೂ ಅವನ ಹಿಂದೆ ದಾಟಿತು! ಗೋವಾ ಸರಕಾರವು ಈ ಗುಡಿಯನ್ನು ಪುನಃ ದುರಸ್ತಿಗೊಳಿಸಿ 2023ರಲ್ಲಿ ಭಕ್ತರಿಗೆ ತೆರೆಯಿತು. ಕದಂಬರು ಪೂಜಿಸಿದ, ಕನ್ನಡದ ಮಂತ್ರಿಯು ಎತ್ತಿ ನಿಲ್ಲಿಸಿದ, ಗೋವೆಯ ಭಕ್ತರು ಹೊತ್ತು ಕಾಪಾಡಿದ, ಮರಾಠರ ಛತ್ರಪತಿಯು ನೆಳಲು ಕೊಟ್ಟ ದೇವರು ಅವನು. ಯಾರೊಬ್ಬರೂ ನಮ್ಮವನು ಮಾತ್ರವೆಂದು ಹೇಳುವಂತಿಲ್ಲ.

ಅತ್ತ ಚಂದ್ರಗುತ್ತಿಯ ಗತಿಯೇನಾಯಿತು? ವಿಜಯನಗರವು ಕುಗ್ಗಿದ ಮೇಲೆ ಆ ದುರ್ಗವು ಕೆಳದಿಯ ನಾಯಕರೇ ಮೊದಲಾದವರ ಕೈಗಳಲ್ಲಿ ಹಾದು, ಯುದ್ಧಗಳ ರೀತಿ ಬದಲಾದಂತೆ ಕೆಲಸವಿಲ್ಲದೆ ಪಾಳುಬಿದ್ದಿತು. ಆದರೆ ಜಾತ್ರೆಯ ದಿನಗಳಲ್ಲಿ ಘಟ್ಟದ ಮೇಲಿನಿಂದಲೂ ಬಯಲುಸೀಮೆಯಿಂದಲೂ ಬಂದ ಜನರು ಗುತ್ತಿಯಮ್ಮನ ಮೆಟ್ಟಿಲುಗಳನ್ನು ಇಂದಿಗೂ ಹತ್ತುತ್ತಾರೆ. ಅರಸರು ಕಟ್ಟಿದ ಗೋಡೆಗೆ ಕಾವಲು ತಪ್ಪಿದ ದಿನವೇ ಕಲ್ಲು ಜಾರತೊಡಗುತ್ತದೆ. ಜನರು ಕಾಯುವ ಗವಿಗೆ ಆ ಭಯವಿಲ್ಲ. ಮಾಧವಮಂತ್ರಿಯು ಚಂದ್ರಗುತ್ತಿಯಲ್ಲಿ ಇವೆರಡನ್ನೂ ಅಕ್ಕಪಕ್ಕದಲ್ಲಿ ಕಂಡು ಆಳಿದವನು. ಗೋವೆಗೆ ಬಂದಾಗ ಅವನು ಗುಡಿಯ ಕಡೆಗೆ ಗಮನ ಕೊಟ್ಟುದು ಆಶ್ಚರ್ಯವಲ್ಲ.

ಗಡಿನಾಡಿನಲ್ಲಿಯೂ ಹೊರನಾಡಿನಲ್ಲಿಯೂ ವಾಸಿಸುವ ನಮಗೆ ಇಂಥ ಚರಿತ್ರೆಯನ್ನು ಓದುವಾಗ ಒಂದು ಮೋಹವುಂಟಾಗುವುದು ಸಹಜ. ಕದಂಬರು ಕನ್ನಡದಲ್ಲಿ ಶಾಸನ ಬರೆಯಿಸಿದರು, ವಿಜಯನಗರದವರು ಇಲ್ಲಿ ಆಳಿದರು, ಆದುದರಿಂದ ಈ ನೆಲವು ನಮ್ಮದು ಎಂದು ಎದೆ ತಟ್ಟಿಕೊಳ್ಳುವ ಮೋಹವದು. ಇತಿಹಾಸವನ್ನು ಜಮೀನಿನ ಕಾಗದಪತ್ರದಂತೆ ಹಿಡಿದು ನೆರೆಯವನ ಬಾಗಿಲಿಗೆ ಹೋಗುವವನಿಗೆ ಗೌರವವು ದೊರೆಯಲಾರದು. ಹಾಗೆಂದು, ನಾವು ನಿನ್ನೆ ಮೊನ್ನೆ ಬಂದವರು, ಇಲ್ಲಿ ನಮಗೆ ಬೇರಿಲ್ಲ ಎಂದು ತಲೆ ತಗ್ಗಿಸುವುದೂ ಸಲ್ಲದು. ಘಟ್ಟದ ಮೇಲಣವರಿಗೂ ಕೆಳಗಣವರಿಗೂ ಏಳುನೂರು ವರ್ಷಗಳಿಗೂ ಮಿಕ್ಕಿದ ಹೋಗುಬರುವಿಕೆಯಿದೆ. ಆ ದಾರಿಯಲ್ಲಿ ಸೈನ್ಯವೂ ನಡೆದಿದೆ, ಸರಕೂ ನಡೆದಿದೆ, ವಿದ್ಯೆಯೂ ದೇವರೂ ನಡೆದಿದ್ದಾರೆ. ಮಾಧವಮಂತ್ರಿಯು ಆಳುವವನಾಗಿ ಬಂದರೂ ಇಲ್ಲಿಯವರು ಕಳೆದುಕೊಂಡುದನ್ನು ಅವರಿಗೆ ಮರಳಿಸಿದನು. ದುಡಿಯುವವರಾಗಿ ಬಂದ ನಾವು ನಮ್ಮ ಅಳತೆಯಲ್ಲಿ ಅದೇ ರೀತಿಯನ್ನು ಹಿಡಿಯಬಹುದು. ಮನೆಯಲ್ಲಿ ಕನ್ನಡವನ್ನು ಬಿಡದಿರೋಣ, ಬೀದಿಯಲ್ಲಿ ಕೊಂಕಣಿಯನ್ನು ಕಲಿಯೋಣ. ನಮ್ಮ ಹಬ್ಬಕ್ಕೆ ನೆರೆಯವರನ್ನು ಕರೆಯೋಣ, ಅವರ ಜಾತ್ರೆಗೆ ನಾವು ಹೋಗೋಣ.

ಮುಂದಿನ ರಜೆಯಲ್ಲಿ ತಂದೆತಾಯಂದಿರು ಮಕ್ಕಳನ್ನು ಕರೆದುಕೊಂಡು ಹಳೆಯ ಗೋವೆಯಿಂದ ಫೆರಿ ದೋಣಿಯಲ್ಲಿ ದಿವಾಡಿಗೆ ದಾಟಲಿ. ದ್ವೀಪದ ಇನ್ನೊಂದು ತುದಿಯಿಂದ ಮತ್ತೊಂದು ದೋಣಿಯನ್ನು ಹತ್ತಿ ನಾರ್ವೆಯ ಸಪ್ತಕೋಟೀಶ್ವರನನ್ನು ನೋಡಲಿ. ದೇವರು ಹೊಳೆ ದಾಟಿದ ದಾರಿಯೂ ಅದೇ. ಊರಿಗೆ ಹೋಗುವಾಗ ಅನುಕೂಲವಿದ್ದವರು ಶಿರಸಿ, ಬನವಾಸಿಗಳ ಮೇಲೆ ಹಾದು ಚಂದ್ರಗುತ್ತಿಯ ಬೆಟ್ಟವನ್ನೂ ಹತ್ತಲಿ. ಎರಡೂ ಕಡೆ ನಿಂತು ಮಾಧವಮಂತ್ರಿಯ ಹೆಸರನ್ನು ಮಕ್ಕಳ ಕಿವಿಗೆ ಒಮ್ಮೆ ಹೇಳಿದರೆ ಆ ಪುಣ್ಯಾತ್ಮನಿಗೆ ನಾವು ಸಲ್ಲಿಸತಕ್ಕ ಋಣದಲ್ಲಿ ಸ್ವಲ್ಪವಾದರೂ ಸಂದಂತಾಗುವುದು.